ಕಾಲುವೆಗೆ ಅಡ್ಡ ಕೂತ ಅಕ್ಕಯಮ್ಮ

ನಮ್ಮಜ್ಜಿ ಅಕ್ಕಯಮ್ಮನನ್ನು ಮೊದಲ ಸಲ ನೋಡಿದವರು ಯಾರೂ ಅವಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಆಳು ಕುಳ್ಳು, ಮೈಯಲ್ಲಿ ಮಾಂಸವಿಲ್ಲ, ಮಾತನಾಡಿದರೆ ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳದು. ಹಾಗೆ ನೋಡಿ ನಕ್ಕವರ ಹೆಸರೆಲ್ಲ ನನಗೆ ಬಾಯಿಪಾಠ. ಅವರ ಮೊಮ್ಮಕ್ಕಳು ಇದನ್ನು ಓದಲಿ ಎಂಬ ಆಸೆಯೂ ಇದೆ.

ಮುಳಬಾಗಿಲು ಕಡೆಯ ನಮ್ಮೂರಿನಲ್ಲಿ ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿ ಕೆಲಸ ನಮ್ಮ ಮನೆತನದ್ದು. ಮೂವತ್ತೆಂಟನೇ ಇಸವಿಯಲ್ಲಿ ತಾತ ತೀರಿಕೊಂಡಾಗ ಇದ್ದದ್ದು ಇಬ್ಬರು ಹೆಣ್ಣುಮಕ್ಕಳು. ತಾನೇ ಮಾಡುತ್ತೇನೆಂದು ಅಜ್ಜಿ ಪಂಚಾಯಿತಿಯ ಮುಂದೆ ಹೋಗಿ ನಿಂತಳು. ಪಟೇಲ ದೊಡ್ಡಮುನಿಯಪ್ಪ ಅವಳನ್ನು ಮೇಲಿಂದ ಕೆಳಕ್ಕೆ ಒಮ್ಮೆ ನೋಡಿ, ಗುಬ್ಬಿ ಓಡಿಸುವುದಕ್ಕೂ ಇವಳ ಗಂಟಲು ಸಾಲದು ಎಂದನಂತೆ. ಕೊನೆಗೆ ಒಂದು ಬೆಳೆಯ ಮಟ್ಟಿಗೆ ಒಪ್ಪಿದರು. ಒಂದೇ ಒಂದು ಗದ್ದೆ ಒಣಗಿದರೂ ಕೆಲಸ ಬೇರೆಯವರಿಗೆ ಎಂದು ತೀರ್ಮಾನವಾಯಿತು.

ಆ ವರ್ಷ ಕೆರೆ ಅರ್ಧ ಮಾತ್ರ ತುಂಬಿತ್ತು. ಭತ್ತದ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ, ಕಾಲುವೆಯ ಕೊನೆಯಲ್ಲಿದ್ದ ಚಿಕ್ಕಗಂಗಮ್ಮನ ಗದ್ದೆ ಬಿರುಕು ಬಿಡತೊಡಗಿತು. ಅವಳ ಸರದಿಯ ದಿನ ಅಜ್ಜಿ ತೂಬು ತೆಗೆದು ಕಾಲುವೆಯ ಗುಂಟ ನಡೆದು ಬಂದರೆ, ಪಟೇಲನ ಆಳುಗಳು ದಡ ಕಡಿದು ನೀರನ್ನೆಲ್ಲ ಅವನ ಗದ್ದೆಗೆ ತಿರುಗಿಸಿದ್ದರು. ಅಜ್ಜಿ ಕೂಗಾಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಡಿದ ಜಾಗದಲ್ಲೇ ಕೂತು, ಸುತ್ತ ಕೆಸರು ಮೆತ್ತಿಕೊಂಡಳು. ನೀರು ಮುಂದಕ್ಕೆ ಹೋಯಿತು.

ಸುದ್ದಿ ತಿಳಿದು ದೊಡ್ಡಮುನಿಯಪ್ಪ ಬಂದ. "ಎದ್ದೇಳೇ," ಎಂದ.

"ನಿಮ್ ಸರದಿ ನಾಳೆ ಸಾಮಿ. ಇವತ್ತಿಂದು ಚಿಕ್ಕಗಂಗಮ್ಮಂದು."

ಎಳೆದು ಎಬ್ಬಿಸೋಣವೆಂದರೆ ನಮ್ಮ ಕೇರಿಯವಳನ್ನು ಅವನು ಮುಟ್ಟುವಂತಿಲ್ಲ. ನಮ್ಮನ್ನು ಬಾವಿಯಿಂದ, ಗುಡಿಯಿಂದ ದೂರವಿಟ್ಟ ಮಡಿಯೇ ಆ ದಿನ ಅವನ ಕೈ ಕಟ್ಟಿಹಾಕಿತು. ಇದನ್ನು ನೆನೆದರೆ ನನಗೆ ಇವತ್ತಿಗೂ ನಗು, ಸಿಟ್ಟು ಎರಡೂ ಬರುತ್ತವೆ. ಆಳುಗಳಿಗೆ ಹೇಳಿದ, ಅವರೂ ನಮ್ಮ ಕೇರಿಯವರೇ, ಗುದ್ದಲಿ ಕೆಳಗಿಟ್ಟು ಕೈಕಟ್ಟಿ ನಿಂತರು. ಎಷ್ಟು ಹೊತ್ತು ಕೂರುತ್ತಾಳೋ ನೋಡೇಬಿಡೋಣವೆಂದು ಅವನು ಹೊಂಗೆಮರದ ಕೆಳಗೆ ಕೂತ. ಚಿಕ್ಕಗಂಗಮ್ಮನ ಗದ್ದೆ ತುಂಬುವವರೆಗೆ ಅಜ್ಜಿ ಏಳಲಿಲ್ಲ.

ಸುಗ್ಗಿ ಮುಗಿದು ಪಂಚಾಯಿತಿ ಸೇರಿದಾಗ ಅಜ್ಜಿ ಎಂದಿನಂತೆ ಕಟ್ಟೆಯಿಂದ ದೂರ ನಿಂತಿದ್ದಳು. ಒಂದು ಗದ್ದೆಯೂ ಒಣಗಿರಲಿಲ್ಲ. ಆದರೂ ಎಲ್ಲರೂ ಪಟೇಲನ ಮುಖ ನೋಡಿದರು. ಅವನು ಬೇಡವೆಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

"ಆವತ್ತು ನೀರು ಕದ್ದೋನು ನಾನೇ," ಎಂದ ಅವನು. "ನನ್ನ ತಡೆದೋರು ಊರಲ್ಲಿ ಆಯಮ್ಮ ಒಬ್ರೇ. ತೂಬು ಆಯಮ್ಮನ ಕೈಲೇ ಇರ್ಲಿ."

ನಲವತ್ತೊಂಬತ್ತನೇ ಇಸವಿಯಲ್ಲಿ ಸಾಯುವವರೆಗೂ ತೂಬು ಅಜ್ಜಿಯ ಕೈಯಲ್ಲೇ ಇತ್ತು. ಊರಿನ ಕಾಗದಪತ್ರಗಳಲ್ಲಿ ನೀರುಗಂಟಿ ಎಂಬುದರ ಮುಂದೆ ಹೆಂಗಸಿನ ಹೆಸರಿರುವುದು ಅದೊಂದೇ. ನನಗಿಟ್ಟಿರುವುದೂ ಆ ಹೆಸರನ್ನೇ. ಹಳೇ ಕಾಲದ ಹೆಸರೆಂದು ಶಾಲೆಯಲ್ಲಿ ಎಷ್ಟು ನಕ್ಕರೂ ನಾನು ಬದಲಾಯಿಸಿಕೊಳ್ಳಲಿಲ್ಲ.