ಯಜಮಾನರ ಬೀಗ

ನಾವು ಮಾಡಿಕೊಟ್ಟ, ತಗಡು ಒತ್ತುವ ಅಚ್ಚಿನ ಕೆಲಸ ನೋಡಲು ತಮಿಳು ಸೀಮೆಯ ಗಣಪತಿ ಎಂಬ ಊರಿನ ಪಂಪ್ ಕಾರ್ಖಾನೆಗೆ ಹೋಗಿದ್ದೆ. ಅಲ್ಲಿ ಮೆಷಿನ್ನಿಗೆ ಕೈ ಹಾಕುವವರು ಮೊದಲು, ಯಾರೂ ಚಾಲೂ ಮಾಡದಂತೆ, ಸ್ವಿಚ್ಚಿಗೆ ತಮ್ಮ ಬೀಗ ಹಾಕಬೇಕು, ಆಮೇಲೆ ತಾವೇ ತೆಗೆಯಬೇಕು. ಬೆಳಿಗ್ಗೆ ಅಚ್ಚು ಕೂರಿಸಿದ ಯಜಮಾನರು ಬೀಗ ತೆಗೆಯದೆ, ಕೀಲಿಕೈ ಸಮೇತ ಕುನ್ನತ್ತೂರಿನ ಮದುವೆಗೆ ಹೋಗಿಬಿಟ್ಟಿದ್ದರು.

ನನಗೆ ರೈಲಿನ ಚಿಂತೆ. "ಅವರು ಇಲ್ಲಿಲ್ಲವಲ್ಲ, ಒಡೆದುಬಿಡಿ" ಎಂದೆ.

ಮೆಷಿನ್ ನಡೆಸುವ ಸರೋಜಾ ತನ್ನ ಮನೆಮಾತಾದ ಕನ್ನಡದಲ್ಲೇ ಹೇಳಿದಳು: "ಮುದಲಾಳಿ ಬೀಗ ಇವತ್ತು ಒಡೆದ್ರೆ, ನನ್ ಕೈ ಮೆಷಿನ್ ಒಳಗಿರೋ ದಿನಾನೂ ಯಾರೋ ಒಡೀತಾರೆ ಸಾರ್."

ಯಜಮಾನರಿಗೆ ಫೋನ್ ಹೋಯಿತು. ಮದುವೆಯೂಟ ಬಿಟ್ಟು ಬಂದ ಯಜಮಾನರು ಬೀಗ ತೆಗೆದು, "ತಪ್ಪು ನಂದೇ" ಎಂದು ಎಲ್ಲರೆದುರು ಕೈಮುಗಿದರು. ಅಂಥ ಯಜಮಾನರನ್ನು ನಾನು ಕಂಡಿರಲಿಲ್ಲ.

ಅಚ್ಚು ಸ್ವಲ್ಪ ಸರಿಪಡಿಸಬೇಕಿತ್ತು. ನಾನು ಮೆಷಿನ್ನಿಗೆ ಬಗ್ಗುವ ಮೊದಲೇ ಸರೋಜಾ ನನಗೊಂದು ಬೀಗ ನೀಡಿದಳು.

"ನಿಮಗೆ ಇವತ್ತು ಯಾವ ಮದುವೇನೂ ಇಲ್ಲ ತಾನೆ ಸಾರ್?"