ಮನೆಬಸ್ಸಿನ ಪುಕ್ಕಲ

ಬಸ್ಸು ಹತ್ತುವಾಗ ಎಲ್ಲರೂ ಬೋರ್ಡು ನೋಡುತ್ತಾರೆ, ನಾನು ಟೈರು ನೋಡುತ್ತೇನೆ. ನಾಲ್ಕು ಮೂಲೆಗೂ ಒಂದು ಸುತ್ತು ಬಂದು, ಬಗ್ಗಿ, ಎಲ್ಲಾದರೂ ಉಬ್ಬಿದೆಯೇ, ಬಿರಿದಿದೆಯೇ ಎಂದು ಪರೀಕ್ಷೆ ಮಾಡಿ ಮೇಲೇಳುವಷ್ಟರಲ್ಲಿ ಸೀಟುಗಳೆಲ್ಲ ತುಂಬಿರುತ್ತವೆ. ಬಂಗಾರಪೇಟೆಯಿಂದ ಕೋರಮಂಡಲ್‌ವರೆಗೆ ನಾನು ನಿಂತುಕೊಂಡು ಮಾಡಿದ ಪ್ರಯಾಣಗಳಿಗೆ ಲೆಕ್ಕವಿಲ್ಲ. ಕಂಡಕ್ಟರುಗಳು ನನ್ನನ್ನು ಯಾರೋ ಇನ್ಸ್‌ಪೆಕ್ಟರು ಎಂದುಕೊಂಡು ಮೊದಮೊದಲು ನಮಸ್ಕಾರ ಹಾಕುತ್ತಿದ್ದರು. ಆಮೇಲೆ ಗಣಿಯ ಟೈಮಾಫೀಸಿನ ಗುಮಾಸ್ತನೆಂದು ತಿಳಿದು, ನಮಸ್ಕಾರ ನಿಲ್ಲಿಸಿ ನಗಲು ಶುರುಮಾಡಿದರು. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ನಾನು ಪುಕ್ಕಲ.

ಪುಕ್ಕಲುತನಕ್ಕೂ ಒಂದು ಹುಟ್ಟೂರು ಇರುತ್ತದೆ. ನಾನು ಬೆಳೆದದ್ದು ಕೋರಮಂಡಲ್‌ನ ಚಿನ್ನದ ಗಣಿ ಕೆಲಸಗಾರರ ಲೈನು ಮನೆಯಲ್ಲಿ. ನೆಲದೊಳಗೆ ಮೈಲಿಯಾಳದಲ್ಲಿ ಬಂಡೆ ಸಿಡಿದರೆ ನಮ್ಮ ಅಡುಗೆಮನೆಯ ಲೋಟಗಳು ಗಡಗಡ ಎನ್ನುತ್ತಿದ್ದವು. ಆ ಸದ್ದಾದ ಕ್ಷಣ ಲೈನಿನ ಹೆಂಗಸರೆಲ್ಲ ಮಾತು ನಿಲ್ಲಿಸಿ, ತಮ್ಮವರು ಈಗ ಯಾವ ಶಿಫ್ಟು ಎಂದು ಮನಸ್ಸಿನಲ್ಲೇ ಹುಡುಕಿಕೊಳ್ಳುತ್ತಿದ್ದರು. ಅವರ ಮುಖಗಳನ್ನು ನೋಡುತ್ತಾ ಬೆಳೆದವನಿಗೆ, ಗಟ್ಟಿಯಾಗಿ ಕಾಣುವುದೆಲ್ಲ ಗಟ್ಟಿಯಲ್ಲ ಎಂಬ ಜ್ಞಾನ ಬೇಗ ಬರುತ್ತದೆ. ಋಷಿಗಳಿಗೆ ಇದೇ ಜ್ಞಾನ ಬಂದರೆ ವೈರಾಗ್ಯ ಎನ್ನುತ್ತಾರೆ, ನನಗೆ ಬಂದದ್ದಕ್ಕೆ ಹೆದರಿಕೆ ಎಂದರು.

ಇಂಥ ನನಗೆ ಸಿಕ್ಕ ಭಾವ ಎಂಥವರು ಗೊತ್ತೇ? ನಂಜುಂಡಪ್ಪನವರು, ನಮ್ಮಕ್ಕನ ಗಂಡ. ಬಂಗಾರಪೇಟೆಯಲ್ಲಿ ರೈಲ್ವೆ ಗೇಟಿನ ಪಕ್ಕ ಶೆಡ್ಡು ಹಾಕಿಕೊಂಡು ಬಸ್ಸುಗಳಿಗೆ ಬಾಡಿ ಕಟ್ಟುತ್ತಿದ್ದರು. ಗಣಿಗಳು ಸರ್ಕಾರದ ಕೈಗೆ ಬಂದ ಮೇಲೆ ಇಂಗ್ಲಿಷ್ ದೊರೆಗಳು ಒಬ್ಬೊಬ್ಬರಾಗಿ ಸೀಮೆಗೆ ಹೊರಟರಲ್ಲ, ಆಗ ಒಬ್ಬ ದೊರೆ ಬಿಟ್ಟುಹೋದ ಪುಟ್ಟ ಕಾರು ಭಾವನ ಶೆಡ್ಡಿಗೆ ಬಂತು. ಭಾವ ಅದರ ಬಾಗಿಲು ಕಿತ್ತರು, ಹಿಂದಿನ ಸೀಟು ಕಿತ್ತರು, ಮೇಲಿನ ಹೊದಿಕೆಯನ್ನೂ ಕಿತ್ತರು. ಇನ್ನೇನು ಕೀಳಲು ಉಳಿದಿಲ್ಲ ಎಂದಾದ ಮೇಲೆ ಇದು ರೇಸ್ ಕಾರು ಎಂದರು. ಮದರಾಸಿನಾಚೆ, ಯುದ್ಧಕಾಲದಲ್ಲಿ ವಿಮಾನ ಇಳಿಯಲು ಮಾಡಿದ್ದ ಹಳೆಯ ಮೈದಾನದಲ್ಲಿ ಕಾರುಗಳ ಪಂದ್ಯ ನಡೆಯುತ್ತಿತ್ತು. ಅಲ್ಲಿ ಓಡಿಸಬೇಕು ಎಂಬುದು ಅವರ ಹುಚ್ಚು.

ಸಂಜೆಯಾದರೆ ಶೆಡ್ಡಿನಲ್ಲಿ ಸಭೆ. ಸಭೆಗೆ ವಿಷಯ ಒಂದೇ, ಟೈರು. ನೀವು ಊರಿನ ಹಿರಿಯರು ದ್ವೈತ ಅದ್ವೈತದ ಮೇಲೆ ಜಗಳವಾಡಿದ್ದನ್ನು ಕೇಳಿರಬಹುದು. ಬಂಗಾರಪೇಟೆಯಲ್ಲಿ ಜಗಳ ಬೋಳು ಟೈರಿನವರಿಗೂ ಹಲ್ಲಿನ ಟೈರಿನವರಿಗೂ. ಗೀರುಗಳು ಆಳವಾಗಿರುವ ಹೊಸ ಟೈರೇ ರಸ್ತೆಯನ್ನು ಕಚ್ಚುವುದು ಎಂದು ಒಂದು ಪಂಗಡ. ಒಣ ಸಿಮೆಂಟಿನ ಮೇಲೆ ಸವೆದು ನುಣ್ಣಗಾದ ಟೈರೇ ಲೇಸು, ಅದರ ಮೈಯೆಲ್ಲ ನೆಲಕ್ಕೆ ಅಂಟುತ್ತದೆ, ಹಲ್ಲಿನ ಟೈರು ತಿರುವಿನಲ್ಲಿ ನುಲಿಯುತ್ತದೆ ಎಂದು ಭಾವನ ಪಂಗಡ. ಆಮೇಲೆ ನಾನು ಓದಿ ತಿಳಿದುಕೊಂಡೆ, ಭಾವ ಹೇಳಿದ್ದೇ ಸರಿಯಂತೆ. ನೀರಿದ್ದರೆ ಮಾತ್ರ ಗೀರು ಬೇಕು, ನೀರಿಗೆ ದಾರಿ ಬಿಡಲು. ಆದರೆ ಬೋಳು ಎಂಬ ಮಾತೇ ನನಗೆ ಜಾರುವಂತೆ ಕೇಳುತ್ತಿತ್ತು. ಶಾಸ್ತ್ರ ಸಮಾಧಾನ ಹೇಳಿದರೂ ಹೆದರಿಕೆ ಕೇಳಬೇಕಲ್ಲ.

ವಾದ ಹೀಗಿದ್ದರೂ ವಾಸ್ತವ ಬೇರೆ. ಆ ಅಳತೆಯ ಟೈರು ಬರಬೇಕಾದದ್ದು ಸೀಮೆಯಿಂದ, ಸೀಮೆಯಿಂದ ಬರುವುದು ನಿಂತುಹೋಗಿತ್ತು. ಕೊನೆಗೆ ನಾಲ್ಕು ಹಳೆಯ ಟೈರುಗಳಿಗೆ ಎಲ್ಲೋ ಹೊಸ ರಬ್ಬರು ಅಂಟಿಸಿ ರೀಟ್ರೆಡ್ ಮಾಡಿಸಿ ತಂದರು. ಆ ಹೊಸ ರಬ್ಬರನ್ನೂ ಭಾವ ಅರದಿಂದ ಉಜ್ಜಿ ಬೋಳು ಮಾಡಿದರು. ಹಳೆಯದರ ಮೇಲೆ ಹೊಸದು, ಹೊಸದರ ಮೇಲೆ ಅರ. ನಾನು ಇದನ್ನೆಲ್ಲ ನೋಡುತ್ತಾ ಬೆವರುತ್ತಿದ್ದೆ.

ಟೈರುಗಳಿಗೆ ಯೋಗ್ಯತಾಪತ್ರ ಕೊಟ್ಟವನು ಮುನುಸಾಮಿ. ಮೂವತ್ತು ವರ್ಷ ಗಣಿಯೊಳಗೆ ಮರದ ಆಸರೆ ನಿಲ್ಲಿಸುವ ಕೆಲಸ ಮಾಡಿ ನಿವೃತ್ತನಾಗಿ, ಭಾವನ ಶೆಡ್ಡಿನಲ್ಲಿ ಸೇರಿಕೊಂಡಿದ್ದ. ಗಣಿಯಲ್ಲಿ ಒಂದು ಪದ್ಧತಿಯುಂಟು. ಕೆಲಸಕ್ಕೆ ಮೊದಲು ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟಿ ಕೇಳಬೇಕು. ಠಣ್ ಎಂದರೆ ಗಟ್ಟಿ, ದಬ್ ಎಂದರೆ ಒಳಗೆ ಬಿಟ್ಟುಕೊಂಡಿದೆ, ಯಾವಾಗ ಬೇಕಾದರೂ ಬೀಳುತ್ತದೆ. ಮುನುಸಾಮಿ ಅದೇ ಕಿವಿಯಿಂದ ಟೈರು ಪರೀಕ್ಷಿಸುತ್ತಿದ್ದ. ಕಲ್ಲಿನಂತೆ ಗಾಳಿ ತುಂಬಿಸಿ, ಸಲಾಕೆಯಿಂದ ತಟ್ಟಿ, ತಲೆ ವಾಲಿಸಿ ಕೇಳಿ, "ಠಣ್ ಅಂತದೆ ಸಾರ್, ಒಳ್ಳೆ ಸವುಂಡು," ಎಂದ. ಅವನ ತಟ್ಟಿನ ಕೆಳಗೆ ಮೂವತ್ತು ವರ್ಷ ನೂರಾರು ಜನ ಬದುಕಿ ಮನೆಗೆ ಬಂದಿದ್ದರು. ಆ ಕಿವಿಯ ಮೇಲೆ ಸಂಶಯಪಡಲು ಯಾರಿಗೂ ಬಾಯಿ ಬರಲಿಲ್ಲ, ನನಗೂ ಬರಲಿಲ್ಲ.

ಇನ್ನು ಮನೆಬಸ್ಸು. ಕಾರನ್ನು ಓಡಿಸಿಕೊಂಡೇ ಮದರಾಸಿಗೆ ಹೋದರೆ ಟೈರು ದಾರಿಯಲ್ಲೇ ಸವೆದುಹೋಗುತ್ತದೆ. ದೊರೆ ಬಿಟ್ಟುಹೋದ ಇಂಗ್ಲಿಷ್ ಮ್ಯಾಗಜೀನಿನಲ್ಲಿ ಭಾವ ಒಂದು ಚಿತ್ರ ನೋಡಿದ್ದರು: ದೊಡ್ಡ ಗಾಡಿ, ಅದರ ಹೊಟ್ಟೆಯಲ್ಲಿ ರೇಸ್ ಕಾರು, ಮುಂದೆ ಮಲಗಲು ಮಂಚ, ಅಡುಗೆಗೆ ಜಾಗ. ಸರಿ, ಒಂದು ಮುದಿ ಬಸ್ಸಿನ ಸೀಟುಗಳನ್ನು ಕಿತ್ತು, ಹಿಂದಿನ ಗೋಡೆಗೆ ಕೀಲು ಹಾಕಿ, ಕೆಳಕ್ಕೆ ಇಳಿಸಿದರೆ ಕಾರು ಹತ್ತುವ ಹಲಗೆಯಾಗುವಂತೆ ಮಾಡಿದರು. ಮುಂದುಗಡೆ ಒಂದು ಬೆಂಚು, ಒಂದು ಸೀಮೆಎಣ್ಣೆ ಸ್ಟವ್, ಹಗ್ಗದಿಂದ ಬಿಗಿದ ನೀರಿನ ಕೊಡ. ಅಕ್ಕ ಒಂದು ಹೂವಿನ ಪರದೆಯನ್ನೂ ಹೊಲಿದುಕೊಟ್ಟಳು. ಬೂದಿಕೋಟೆ ರಸ್ತೆಯಲ್ಲಿ ಅದನ್ನು ಮೊದಲ ಸಲ ಓಡಿಸಿದಾಗ, ಹಾಲಿನ ಕ್ಯಾನು ಹೊತ್ತು ಬರುತ್ತಿದ್ದವರು ಸೈಕಲ್ ಇಳಿದು ನಿಂತು ನೋಡಿದರು. ಒಬ್ಬ ಮುದುಕಿ, "ಬಾಡಿಗ್ಗೆ ಕೊಡ್ತೀರೇನಪ್ಪ?" ಎಂದು ಕೇಳಿದಳು.

ಪಂದ್ಯಕ್ಕೆ ಹೊರಡುವ ಮುಂಚಿನ ದಿನ ಭಾವ ನನ್ನನ್ನೂ ಬಾ ಎಂದರು. ಎಲ್ಲರಿಗೂ ಆಶ್ಚರ್ಯ, ನನಗೆ ಗಾಬರಿ. ಸ್ಪ್ಯಾನರು ಯಾವುದು ಇಕ್ಕಳ ಯಾವುದು ಎಂದು ಗೊತ್ತಿಲ್ಲದ ನಾನು ಯಾತಕ್ಕೆ? ಉಪ್ಪಿಟ್ಟು ಚೆನ್ನಾಗಿ ಮಾಡುತ್ತೇನೆ, ಅದಕ್ಕೇ ಇರಬೇಕು ಎಂದುಕೊಂಡೆ. ಇಲ್ಲವೆನ್ನಲು ಅಕ್ಕನ ಹತ್ತಿರ ಹೋದರೆ ಅವಳು ನನ್ನ ಕೈ ಹಿಡಿದುಕೊಂಡುಬಿಟ್ಟಳು.

"ಅವ್ರು ನನ್ ಮಾತು ಕೇಳಲ್ಲ ಕಣ್ಲಾ. ಓಗೋವಾಗ ಎಂಗವ್ರೋ ಅಂಗೇ ವಾಪಸ್ ಕರ್ಕಂಡ್ ಬರ್ಬೇಕು ನೀನು. ಇನ್ನೇನೂ ಕೇಳಲ್ಲ ನಿನ್ನ."

ಅವಳ ಕೈ ತಣ್ಣಗಿತ್ತು. ಬಂಡೆ ಸಿಡಿದಾಗ ನಮ್ಮಮ್ಮನ ಮುಖದಲ್ಲಿ ಕಾಣುತ್ತಿದ್ದುದೇ ಅವಳ ಮುಖದಲ್ಲೂ ಇತ್ತು. ನಾನು ಹೂಂ ಎಂದೆ.

ದಾರಿಯುದ್ದಕ್ಕೂ ನಾನು ಹೆದರಿದ ಬಗೆಯನ್ನು ಹೇಳಿದರೆ ನೀವು ನಗುತ್ತೀರಿ, ನಗಿ. ಮುಳಬಾಗಿಲು ದಾಟುವ ಮೊದಲೇ ಸ್ಟವ್ವಿನ ವಾಸನೆ ಬರುತ್ತಿದೆ ಎಂದು ಬಸ್ಸು ನಿಲ್ಲಿಸಿದೆ. ಪಲಮನೇರಿನಲ್ಲಿ ಹಿಂದಿನ ಕೀಲು ಕಿರುಗುಟ್ಟುತ್ತಿದೆ ಎಂದು ನಿಲ್ಲಿಸಿದೆ. ಅಲ್ಲಿಂದ ಘಾಟಿ ಇಳಿಯುವಾಗಲಂತೂ ಬೆಂಚಿನ ಮೇಲೆ ಹಿಂದುಮುಂದಾಗಿ ಕೂತು, ಹಗ್ಗ ಬಿಗಿದು ನಿಲ್ಲಿಸಿದ್ದ ಕಾರನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಪ್ರತಿ ತಿರುವಿನಲ್ಲೂ ಅದು ನನ್ನ ಕಡೆ ಒಂದು ಅಂಗುಲ ಸರಿದಂತೆ ಕಾಣುತ್ತಿತ್ತು. ಹಗ್ಗ ಸಡಿಲಾಯಿತು ಎಂದು ಮೂರು ಸಲ ಕೂಗಿದೆ. ಮೂರು ಸಲವೂ ಭಾವ ಬಸ್ಸು ನಿಲ್ಲಿಸಿ, ಇಳಿದು ಬಂದು, ಹಗ್ಗ ಎಳೆದು ನೋಡಿ, ಮತ್ತೆ ಹೋಗಿ ಕೂತರು. ಮುನುಸಾಮಿ ಮಾತ್ರ ನಕ್ಕೂ ನಕ್ಕೂ ಕೆಮ್ಮಿದ. ಹೆದರುವವನ ಕಷ್ಟ ನೋಡಿ, ಹತ್ತು ಸಲ ಸುಮ್ಮಸುಮ್ಮನೆ ಹೆದರಿದರೆ ಹನ್ನೊಂದನೆಯ ಸಲಕ್ಕೆ ಅವನ ಮಾತಿಗೆ ಬೆಲೆಯೇ ಉಳಿದಿರುವುದಿಲ್ಲ.

ಹನ್ನೊಂದನೆಯ ಸಲ ಬಂದದ್ದು ಮೈದಾನದಲ್ಲಿ. ಬೆಳಗಿನ ಹತ್ತು ಗಂಟೆಯ ಬಿಸಿಲು, ಸಿಮೆಂಟಿನಿಂದ ಝಳ ಏಳುತ್ತಿತ್ತು. ಮೈಕಿನಲ್ಲಿ ನಂಬರುಗಳನ್ನು ಕೂಗಿ, ಕಾರುಗಳನ್ನು ಹೊರಡುವ ಗೆರೆಯ ಹತ್ತಿರಕ್ಕೆ ಕರೆಯುತ್ತಿದ್ದರು. ನಮ್ಮ ಮುಂದೆ ಎರಡೇ ಕಾರು. ಭಾವ ಹೆಲ್ಮೆಟ್ಟು ಹಾಕಿ ಕೂತಾಗಿತ್ತು. ನಾನು ಅಭ್ಯಾಸಬಲದಿಂದ ಟೈರುಗಳನ್ನು ಒಂದು ಸುತ್ತು ನೋಡುತ್ತಾ ಬಂದೆ. ಹಿಂದಿನ ಎಡಗಡೆಯ ಟೈರಿನ ಅಂಚಿನಲ್ಲಿ, ಹೊಸ ರಬ್ಬರು ಹಳೆಯದಕ್ಕೆ ಸೇರುವ ಕಡೆ, ಕೂದಲೆಳೆಯಷ್ಟು ಬಿರುಕು. ಉಗುರಿನಿಂದ ಮುಟ್ಟಿದೆ. ಉಗುರು ಒಳಗೆ ಹೋಯಿತು.

ಅಲ್ಲಿಯವರೆಗಿನ ಭಯಗಳೆಲ್ಲ ಬಾಯಿಗೆ ಬರುವ ಭಯಗಳು. ಇದು ಹಾಗಲ್ಲ, ಬಾಯಿಯೇ ಕಟ್ಟಿಹೋಯಿತು. ಕಣ್ಣ ಮುಂದೆ ಅಕ್ಕ ನಿಂತಂತಾಯಿತು. ಮುನುಸಾಮಿಯನ್ನು ಎಳೆದು ತೋರಿಸಿದೆ. ಅವನು ಸಲಾಕೆ ತಂದು ತಟ್ಟಿದ. ಠಣ್! "ನಲ್ಲಾ ಇದೆ ಸಾರ್, ಗಟ್ಟಿ ಇದೆ, ಸುಮ್ನೆ ಭಯ ಪಡ್ಬೇಡ," ಎಂದ. ಮುಂದಿದ್ದ ಕಾರು ಹೊರಟಿತು. ಭಾವ ಎಂಜಿನ್ ಚಾಲೂ ಮಾಡಿದರು.

ನಾನು ಹೋಗಿ ಕಾರಿನ ಮುಂದೆ ನಿಂತೆ. ಇದನ್ನು ಧೈರ್ಯ ಎಂದು ತಿಳಿಯಬೇಡಿ. ಪಕ್ಕಕ್ಕೆ ಸರಿಯಲು ಕಾಲು ಬರಲಿಲ್ಲ, ಅಷ್ಟೆ.

"ಈಗೇನ್ಲಾ ನಿಂದು?" ಭಾವ ಕೂಗಿದರು.

"ಭಾವ, ಅದು ಟೈರಿನ ಸದ್ದಲ್ಲ, ಗಾಳಿ ಸದ್ದು. ನಂಗೆ ತುಂಬ ಎದ್ರಿಕೆ ಆಗ್ತದೆ. ಗಾಳಿ ಬಿಟ್ಟು ತಟ್ಟಿಸಿ ನೋಡಿ," ಎಂದೆ. ಎಲ್ಲಿಂದ ಬಂತೋ ಆ ಮಾತು.

ಮುನುಸಾಮಿಯ ನಗು ಅಲ್ಲಿಗೆ ನಿಂತಿತು. ಅವನು ನನ್ನನ್ನೇ ನೋಡಿದ. ಆಮೇಲೆ ಭಾವನ ಕಡೆ ತಿರುಗಿ ಹೇಳಿದ:

"ಇಳೀರಿ ಸಾರ್. ಗಣಿ ಒಳಗೆ ಒಬ್ಬ ಭಯ ಆಗ್ತದೆ ಅಂದ್ರೆ ಯಾರೂ ಒಳಗೆ ಓಗಲ್ಲ. ಅದು ರೂಲು. ಇನ್ನೊಂದ್ ತರ ತಟ್ಟಿ ನೋಡ್ಬೇಕು."

ಗಣಿಯ ಈ ಕಟ್ಟಳೆ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಟೈಮಾಫೀಸಿನಲ್ಲಿ ಕೂತವನಿಗೆ ಹೇಗೆ ಗೊತ್ತಾಗಬೇಕು? ನೆಲದ ಮೇಲೆ ಹೆದರುವವನನ್ನು ನೋಡಿ ನಗುತ್ತಾರೆ, ನೆಲದ ಕೆಳಗೆ ಅವನು ಹೇಳಿದ ಮೇಲೆ ಎಲ್ಲರೂ ನಿಲ್ಲುತ್ತಾರೆ. ಬೈಗುಳಕ್ಕೆ ಸಿದ್ಧನಾಗಿ ನಾನು ಕಣ್ಣು ಮುಚ್ಚಿದೆ. ಭಾವ ಬೈಯಲಿಲ್ಲ. ಎಂಜಿನ್ ನಿಲ್ಲಿಸಿ ಇಳಿದೇಬಿಟ್ಟರು. ಅಷ್ಟು ಬೇಗ ಇಳಿದದ್ದು ನನಗೇ ವಿಚಿತ್ರವೆನಿಸಿತು.

ಮುನುಸಾಮಿ ಜಾಕು ಕೊಟ್ಟು ಕಾರನ್ನೆತ್ತಿ ಗಾಳಿ ಬಿಟ್ಟ. ಟೈರು ಸೊರಗಿತು. ಹೋಲಿಕೆಗೆಂದು ಮೊದಲು ಬಲಗಡೆಯದನ್ನೂ ಅಷ್ಟೇ ಇಳಿಸಿ ತಟ್ಟಿದ, ಠಣ್ ಎನ್ನದಿದ್ದರೂ ಗಟ್ಟಿ ಸದ್ದೇ ಬಂತು. ಎಡಗಡೆಯದನ್ನು ತಟ್ಟಿದ. ದಬ್. ಇನ್ನೊಂದು ಸಲ, ದಬ್. ಅವನು ಸಲಾಕೆ ಕೆಳಗಿಟ್ಟು, ಆ ಬಿರುಕಿನೊಳಗೆ ಎರಡು ಬೆರಳು ತೂರಿಸಿ ಎಳೆದ. ಬೋಳು ರಬ್ಬರು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಒಂದು ಗೇಣು ಎದ್ದುಬಂತು. ಗಾಳಿ ಒಳಗಿನಿಂದ ಒತ್ತಿ ಹಿಡಿದದ್ದಕ್ಕೇ ಅದು ಅಷ್ಟು ಹೊತ್ತು ಗಟ್ಟಿಯೆಂದು ನಟಿಸಿತ್ತು. ಮೈಕಿನಲ್ಲಿ ನಮ್ಮ ನಂಬರು ಎರಡು ಸಲ ಕೂಗಿದರು, ಮೂರನೆಯ ಸಲ ಬೇರೆ ನಂಬರು ಕೂಗಿದರು. ಮುನುಸಾಮಿ ಸಿಮೆಂಟಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ತನ್ನ ಬಲಗಿವಿಯನ್ನು ಕೈಯಿಂದ ಮುಚ್ಚಿಕೊಂಡು, ಬಹಳ ಹೊತ್ತು ಏಳಲಿಲ್ಲ.

ಬದಲಿ ಟೈರು ಇರಲಿಲ್ಲ. ಮಿಕ್ಕವರ ಪಂದ್ಯವನ್ನು ನಾವು ಮನೆಬಸ್ಸಿನ ನೆರಳಿನಲ್ಲಿ ಕೂತು ನೋಡಿದೆವು. ನಾನು ಮಾಡಿದ ಉಪ್ಪಿಟ್ಟನ್ನು ಯಾರೂ ಸರಿಯಾಗಿ ತಿನ್ನಲಿಲ್ಲ. ವಾಪಸು ಬರುವ ದಾರಿಯಲ್ಲಿ ಭಾವ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ವರ್ಷದ ಆಸೆ ನನ್ನಿಂದ ಮಣ್ಣಾಯಿತು, ಇನ್ನು ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ ಎಂಬ ಹೊಸ ಭಯ ಹಿಡಿಯಿತು. ಘಾಟಿ ಹತ್ತಿ ಪಲಮನೇರಿನಲ್ಲಿ ಟೀ ಕುಡಿಯಲು ನಿಂತಾಗ, ಮುನುಸಾಮಿ ಎಂಜಿನ್ನಿಗೆ ನೀರು ತರಲು ಹೋದ ಸಮಯ ನೋಡಿ, ಭಾವ ನನ್ನ ಹತ್ತಿರ ಬಂದು ಕೂತರು.

"ಆ ಟೈರು ನಂಗೂ ಸರಿ ಕಾಣ್ಲಿಲ್ಲ ಕಣ್ಲಾ. ಅರ ಆಕೋವಾಗ್ಲೇ ಕೈಗೆ ಒಂಥರಾ ತಿಳೀತು. ಊರೆಲ್ಲ ಮೆರೆಸಿ ಕಳ್ಸೈತೆ, ನಾನೇ ಎದ್ರಿಕೆ ಅಂತ ಎಂಗೇಳ್ಲಿ? ನಾಚ್ಕೆ ಆಗಲ್ವಾ?" ಟೀ ಲೋಟ ಕೆಳಗಿಟ್ಟರು. "ಅದ್ಕೇ ನಿನ್ನ ಕರ್ಕಂಡ್ ಬಂದೆ. ಆದ್ರೆ ದಾರೀಲೆಲ್ಲಾ ಅಗ್ಗ, ಸ್ಟವ್ವು ಅಂತ ಕೂಗ್ದೋನು ಟೈರಿನ ಮಾತೇ ಎತ್ಲಿಲ್ವಲ್ಲೋ. ಗೆರೆ ಅತ್ರ ಓಗೋವಾಗ ಎದೆ ಒಡ್ದೋಗಿತ್ತು ನಂಗೆ."

ನಾನು ಟೀ ಕುಡಿಯುವುದನ್ನೇ ಮರೆತೆ. ನನ್ನನ್ನು ಉಪ್ಪಿಟ್ಟಿಗೆ ಕರೆತಂದದ್ದಲ್ಲ, ಅವರ ಪಾಲಿನ ಹೆದರಿಕೆಯನ್ನು ಹೊರಲು ಕರೆತಂದದ್ದು. ಅಕ್ಕ ನನ್ನನ್ನು ನಂಬಿದ್ದಳು, ಭಾವ ನನ್ನನ್ನು ನಂಬಿದ್ದರು, ಮುನುಸಾಮಿಯ ಕಿವಿಯೂ ಕೊನೆಗೆ ನನ್ನನ್ನೇ ನಂಬಬೇಕಾಯಿತು. ಆಮೇಲಿನಿಂದ ಗಮನಿಸುತ್ತಾ ಬಂದಿದ್ದೇನೆ: ಪ್ರತಿ ಧೈರ್ಯವಂತನ ಹಿಂದೆ ಎಲ್ಲೋ ಒಂದು ಬೆಂಚಿನ ಮೇಲೆ ನನ್ನಂಥವನೊಬ್ಬ ಹಿಂದುಮುಂದಾಗಿ ಕೂತಿರುತ್ತಾನೆ. ಅದನ್ನು ತಿಳಿದು ಹೆಮ್ಮೆಪಡಬೇಕಿತ್ತು. ಆದರೆ ನನ್ನ ಬುದ್ಧಿ ನಿಮಗೆ ಗೊತ್ತೇ ಇದೆ. ಇವರೆಲ್ಲ ನನ್ನನ್ನು ನೆಚ್ಚಿಕೊಂಡು ಇಷ್ಟು ಧೈರ್ಯವಾಗಿದ್ದಾರಲ್ಲ, ಎಂದಾದರೂ ಒಂದು ದಿನ ನಾನು ಹೆದರುವುದನ್ನೇ ಮರೆತುಬಿಟ್ಟರೆ ಗತಿಯೇನು ಎಂದು, ಪಲಮನೇರಿನಿಂದ ಬಂಗಾರಪೇಟೆ ಬರುವವರೆಗೂ ನಡುಗಿದೆ.