ಆ ಹುಡುಗಿಗೆ ನಾನು ಮಾಡಿದ ಮದುವೆ

ಬೇಸಿಗೆ ಬಂತೆಂದರೆ ಮರಾಠಿ ಸೀಮೆಯ ಉಮರ್ಗಾದ ನಮ್ಮ ಓಣಿಯ ಹೆಂಗಸರು ಹಪ್ಪಳಕ್ಕೆ ಕೂಡುತ್ತೇವೆ. ಇವತ್ತು ನಮ್ಮ ಮನೆಯ ಮಾಳಿಗೆ, ನಾಳೆ ಎದುರು ಮನೆಯದು. ಯಾರ ಮನೆಯ ಹಿಟ್ಟೋ ಅವರ ಮನೆಯ ಚಹಾ. ಐದಾರು ಲಟ್ಟಣಿಗೆ ಒಟ್ಟಿಗೆ ಉರುಳುವಾಗ ಬಾಯಿ ಸುಮ್ಮನಿರುವುದಿಲ್ಲ, ಯಾರಾದರೂ ಒಂದು ಕತೆ ಹೇಳಲೇಬೇಕು. ಹೋದ ವರ್ಷ ಆ ಕೆಲಸ ನನ್ನ ಪಾಲಿಗೆ ಬಂತು. ಹೇಳಿದೆ. ಹೇಳುವಾಗ ಒಂದು ತಪ್ಪು ಮಾಡಿದೆ. ಅದನ್ನೇ ಬರೆಯುತ್ತಿದ್ದೇನೆ.

ಕತೆ ನನ್ನದಲ್ಲ, ಮಗಳು ತಂದ ಪುಸ್ತಕದ್ದು. ಅವಳು ಉದಗೀರಿನ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಅಲ್ಲೇ ಬಾಡಿಗೆಗೆ ಒಂದು ಖೋಲಿ ಹಿಡಿದು ಇನ್ನೊಬ್ಬ ಶಿಕ್ಷಕಿಯ ಜೊತೆ ಇರುತ್ತಾಳೆ. ಶನಿವಾರ ಶಾಲೆ ಬಿಟ್ಟ ಮೇಲೆ ಹೊರಟು, ನಿಲಂಗಾದಲ್ಲಿ ಬಸ್ಸು ಬದಲಿಸಿ, ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟುತ್ತಾಳೆ. ಬಸ್ಸಿನಲ್ಲಿ ಅವಳಿಗೆ ಕುಳಿತುಕೊಳ್ಳಲು ಜಾಗ ಸಿಕ್ಕಿತೆಂದರೆ ಅದನ್ನೂ ಶಿವನ ದಯೆ ಎಂದು ಎಣಿಸುವವಳು ನಾನು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕುಳಿತಾಗ ನಾನು ಬೇಡುವುದು ಕಡಿಮೆ. ಹಿಂದಿನ ದಿನ ಸಿಕ್ಕದ್ದನ್ನು ಒಂದೊಂದಾಗಿ ನೆನೆಯುತ್ತೇನೆ. ನಳಕ್ಕೆ ನೀರು ಬಂತು. ಮನೆಯವರ ಮೊಣಕಾಲು ನೋಯಲಿಲ್ಲ. ಹಾಲು ಒಡೆಯಲಿಲ್ಲ. ಮಗಳು ಫೋನು ಮಾಡಿದಳು.

ಒಂದೇ ಒಂದು ವಿಷಯಕ್ಕೆ ಬೇಡುತ್ತಿದ್ದೆ. ಅವಳಿಗೆ ಇಪ್ಪತ್ತಾರು ತುಂಬಿತ್ತು. ಬಂದ ಸ್ಥಳಗಳನ್ನೆಲ್ಲ ಬೇಡ ಅಂದಿದ್ದಳು. ನಮ್ಮ ಕಡೆ ಮದುವೆಗೆ ಕೇಳಿ ಬರುವ ಮನೆತನಕ್ಕೆ ಸ್ಥಳ ಎನ್ನುತ್ತೇವೆ. ಹೋದ ವರ್ಷ ನನ್ನ ನೆಗೆಣ್ಣಿ, ಅಂದರೆ ನಮ್ಮ ಮನೆಯವರ ಅಣ್ಣನ ಹೆಂಡತಿ, ತನ್ನ ತವರಿನ ಸಂಬಂಧದಲ್ಲಿ ಉದಗೀರಿನದೇ ಒಂದು ಸ್ಥಳ ತಂದರು. ಅರಿವೆ ಅಂಗಡಿಯವರು, ನಮ್ಮವರೇ, ದೈವಭಕ್ತಿಯುಳ್ಳ ಮನೆತನ. ಹುಡುಗ ತಲೆ ತಗ್ಗಿಸಿ ಮಾತಾಡುವ ಸ್ವಭಾವದವನು. ನೋಡಲು ಬಂದ ದಿನ ಹುಡುಗನ ತಾಯಿಯ ಮುಂದೆ ನಾನು ಹೆಮ್ಮೆಯಿಂದ ಹೇಳಿದೆ, "ಇಲ್ಲಿತನಕಾ ಒಂದು ಹುಡುಗನ ಕಡಿ ಕಣ್ಣೆತ್ತಿ ನೋಡಿಲ್ರೀ ನಮ್ಮಕಿ." ಅವರಿಗೆ ಖುಷಿಯಾಯಿತು. ಚಹಾದ ಬಟ್ಟಲು ಹಿಡಿದು ನಿಂತಿದ್ದ ಮಗಳು ನನ್ನನ್ನೇ ನೋಡಿದಳು. ಆ ನೋಟ ಏನೆಂದು ನನಗೆ ಆಗ ತಿಳಿಯಲಿಲ್ಲ. ಈ ಸಲ ಅವಳು ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಸ್ವಲ್ಪ ದಿನ ಕೊಡಿ ಅಂದಳು.

ಆ ದಿನಗಳಲ್ಲೇ ಅವಳು ಪುಸ್ತಕ ತಂದದ್ದು. ಹದಿನಾರು ಹದಿನೇಳರ ಮಕ್ಕಳಿಗೆಂದು ಬರೆದ ಇಂಗ್ಲಿಷ್ ಕಾದಂಬರಿ. ಎರಡು ಭಾನುವಾರ ಮಧ್ಯಾಹ್ನ ನಾನು ತೊಗರಿಬೇಳೆಯಲ್ಲಿ ಹರಳು ಆರಿಸುತ್ತ ಕೂತೆ, ಅವಳು ಓದಿ ಓದಿ ನಮ್ಮ ಮಾತಿನಲ್ಲಿ ಹೇಳಿದಳು. ಯಾವುದೋ ದೂರದ ಸಮುದ್ರದ ದಂಡೆಯ ಊರು. ಅಲ್ಲಿ ಹದಿನೇಳರ ಒಬ್ಬ ಹುಡುಗಿ. ಅವಳ ಗೆಳತಿಯರೆಲ್ಲ ಒಬ್ಬೊಬ್ಬ ಹುಡುಗನ ಹಿಂದೆ ಬಿದ್ದಿದ್ದಾರೆ. ತನಗೂ ಹಾಗೆ ಆಗಬೇಕೇನೋ ಎಂದು ಇವಳೂ ಒಬ್ಬನ ಜೊತೆ ತಿರುಗಾಡಿ ನೋಡುತ್ತಾಳೆ. ಒಳ್ಳೆಯ ಹುಡುಗ. ಆದರೆ ಇವಳಿಗೆ ಏನೂ ಅನಿಸುವುದಿಲ್ಲ. ಭಯವಿಲ್ಲ, ಸಿಟ್ಟಿಲ್ಲ, ಅದೊಂದು ಮಾತ್ರ ಹುಟ್ಟುವುದಿಲ್ಲ. ಅವನಿಗೆ ನಿಜ ಹೇಳಿ ಬಿಟ್ಟುಬಿಡುತ್ತಾಳೆ. ಸೈಕಲ್ ರಿಪೇರಿ ಕಲಿಯುತ್ತಾಳೆ. ಕಡೆಯ ಪುಟದಲ್ಲಿ ಅಜ್ಜಿಯ ಮನೆಯಲ್ಲಿ ಹೊಟ್ಟೆತುಂಬ ಉಂಡು, ಸೈಕಲ್ ಹತ್ತಿ ತನ್ನ ಮನೆಗೆ ಹೋಗುತ್ತಾಳೆ.

"ಮುಂದ?" ಅಂದೆ.

"ಮುಗೀತು."

"ಹುಡುಗ ಬರಲಿಲ್ಲಲ್ಲ."

"ಬರಂಗಿಲ್ಲವ್ವಾ."

"ಹಿಂದಿನ ಹಾಳಿ ಹರದಾವೇನು ನೋಡು."

ಅವಳು ನಕ್ಕು ಪುಸ್ತಕವನ್ನು ನನ್ನ ಕೈಗೇ ಕೊಟ್ಟಳು. ಒಂದು ಹಾಳೆಯೂ ಹರಿದಿರಲಿಲ್ಲ.

ಮುಂದಿನ ವಾರ ನಮ್ಮ ಮಾಳಿಗೆಯಲ್ಲಿ ಹಪ್ಪಳ. ನೆಗೆಣ್ಣಿ ಬಂದಿದ್ದರು. ಎದುರು ಮನೆಯ ಮರಾಠಿ ಕಾಕು ಬಂದಿದ್ದರು, ಅವರ ಹೊಸ ಸೊಸೆಯೂ ಬಂದಿದ್ದಳು. ಆ ಸೊಸೆ ಆಳಂದ ಕಡೆಯವಳು, ಕನ್ನಡ ಮಾತಾಡಲು ಸಿಕ್ಕರೆ ಸಾಕು ಅವಳಿಗೆ. ನಾನು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಸಮುದ್ರದ ಊರಿನ ಕತೆ ತೆಗೆದೆ. ನಾನು ಹಿಟ್ಟಿನ ಉಂಡೆ ಹರಿಯಲು ಕತೆ ನಿಲ್ಲಿಸಿದಾಗಲೆಲ್ಲ ಕಾಕು "ಮಗ ಕಾಯ್ ಝಾಲಂ?", ಮುಂದೇನಾಯಿತು, ಎಂದು ಕೇಳುತ್ತಲೇ ಇದ್ದರು. ಸೈಕಲ್ ರಿಪೇರಿಗೆ ಬಂದಾಗ ಸೊಸೆ ಲಟ್ಟಣಿಗೆ ನಿಲ್ಲಿಸಿ, "ಮತ್ತ ಆಕಿ ಲಗ್ನದಾಗ ಒಡಪು ಹಾಕಿ ಯಾರ ಹೆಸರು ಹೇಳತಾಳ್ರೀ?" ಎಂದು ಕೇಳಿದಳು. ಮದುವೆಯಾದ ಹೆಣ್ಣು ಗಂಡನ ಹೆಸರನ್ನು ಬರಿಯ ಬಾಯಲ್ಲಿ ಹೇಳಬಾರದು. ಒಡಪಿನಲ್ಲಿ, ಹಾಡಿನಂಥ ಎರಡು ಸಾಲಿನಲ್ಲಿ, ಕಟ್ಟಿ ಹೇಳಬೇಕು. ಆ ಸೊಸೆ ಹಿಂದಿನ ತಿಂಗಳಷ್ಟೇ ನಾಚುತ್ತ ನಾಚುತ್ತ ಹೇಳಿದ್ದಳು.

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಒಂದು ಹೆಣ್ಣನ್ನು ಹಾಗೆ ಸೈಕಲ್ ಮೇಲೆ ಕೂಡ್ರಿಸಿ ಕಳಿಸಲು ನನ್ನಿಂದ ಆಗಲಿಲ್ಲ. ಒಬ್ಬ ಹುಡುಗನನ್ನು ತಂದೆ. ಸೈಕಲ್ ಸಾಮಾನಿನ ಅಂಗಡಿಯವನು. ಹುಂಡಾ, ಅಂದರೆ ವರದಕ್ಷಿಣೆ, ಕೇಳದ ತಾಯಿಯೊಬ್ಬಳನ್ನು ಅವನಿಗೆ ಕೊಟ್ಟೆ. ಹುಡುಗಿಯ ಮನಸ್ಸು ತಿರುಗಿಸಿ, ಅಕ್ಕಿಕಾಳು ಹಾಕಿಸಿ, ಊರಿಗೆಲ್ಲ ಹುಗ್ಗಿ ಉಣಿಸಿದೆ. ಮಾಳಿಗೆ ತುಂಬ ಖುಷಿ. ಸೊಸೆ ಆ ಹುಡುಗಿಯ ಪರವಾಗಿ ಒಡಪು ಕಟ್ಟಲು ಹತ್ತಿದಳು. ಸುಳ್ಳೇಕೆ, ನನಗೂ ಹಿತವೆನಿಸಿತು.

ನೆಗೆಣ್ಣಿ ಹಪ್ಪಳ ತಿರುವುತ್ತ ಅಂದರು, "ನೋಡು, ಅಂಥಾಕಿನೇ ಕರಗಿದಳು. ನಮ್ಮಕಿ ಕರಗಂಗಿಲ್ಲೇನು? ಸೋಮವಾರ ಉದಗೀರದವರಿಗಿ ಹೂಂ ಅಂತ ಹೇಳಿಬಿಡತೀನಿ."

ನಾನು ಬೇಡ ಅನ್ನಲಿಲ್ಲ.

ಶನಿವಾರ ಸಂಜೆ ಮಗಳು ಬಂದಳು. ಓಣಿಯಲ್ಲೇ ಆ ಸೊಸೆ ಎದುರಾಗಿ, ನಿಮ್ಮ ಪುಸ್ತಕದ ಹುಡುಗಿಯ ಲಗ್ನ ಭಾರೀ ಆಯ್ತು ನೋಡ್ರಿ ಅಂದಿದ್ದಾಳೆ. ನಾನು ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಚೀಲವನ್ನೂ ಕೆಳಗಿಡದೆ ಬಾಗಿಲಲ್ಲಿ ನಿಂತಳು.

"ಅವ್ವಾ, ಆಕಿಗಿ ಲಗ್ನ ಮಾಡಿದೇನು?"

"ಅವರು ಕೇಳಿದರವ್ವಾ. ಸುಮ್ಕ ಹೇಳಿದೆ. ಕತಿ ಅಲ್ಲೇನು?"

"ಕತಿನೇ." ಅವಳು ಚೀಲ ಇಟ್ಟು ನನ್ನ ಪಕ್ಕ ಕುಳಿತಳು. "ನಾ ಹೈಸ್ಕೂಲಿನ್ಯಾಗ ಇದ್ದಾಗಿಂದ ಹುಡುಕಾಡೀನಿ. ಮರಾಠಿ, ಇಂಗ್ಲಿಷ್, ಸಿಕ್ಕಿದ್ದೆಲ್ಲಾ ಓದೀನಿ. ಇಂಥಾ ಹುಡುಗಿ ಒಬ್ಬಾಕಿ ಬಂದ್ರ ಕಡೀಕ ಯಾರೋ ಒಬ್ಬಾಂವ ಬಂದು ಆಕಿನ್ನ ಬರೋಬ್ಬರಿ ಮಾಡ್ತಾನ. ಇಲ್ಲಂದ್ರ ಆಕಿ ಕಲ್ಲು ಮನಸಿನಾಕಿ, ಎಲ್ಲಾರೂ ಬೈಯ್ಯೋದೇ. ಇದರಾಗ ಒಬ್ಬಾಕಿ ಇದ್ದಂಗೇ ಉಳದಿದ್ದಳು ಅವ್ವಾ. ಆಕಿನ್ನೂ ನೀ ಕೊಟ್ಟುಬಿಟ್ಟಿ."

ಅಳಲಿಲ್ಲ ಅವಳು. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ತವೆಯ ಮೇಲಿನ ರೊಟ್ಟಿ ಸೀದು ವಾಸನೆ ಬಂತು, ಅವಳೇ ತಿರುವಿ ಹಾಕಿದಳು.

"ಆ ದಿನ ಅವರ ಮುಂದ ನನ್ನ ಹೊಗಳಿದ್ಯಲ್ಲಾ, ಯಾರ ಕಡೀನೂ ಕಣ್ಣೆತ್ತಿ ನೋಡಿಲ್ಲ ಅಂತ. ಅದು ಖರೇನೇ ಅದ. ಆದ್ರ ಅದು ನನ್ನ ದೊಡ್ಡ ಗುಣ ಅಲ್ಲ. ನೋಡಬೇಕು ಅಂತ ನನಗ ಅನಿಸೇ ಇಲ್ಲ. ನಾ ಹಂಗೇ ಅದೀನಿ. ಇಂಥವರಿಗಿ ಅರೊಮ್ಯಾಂಟಿಕ್ ಅಂತಾರ."

ಆ ಶಬ್ದ ನನ್ನ ಬಾಯಲ್ಲಿ ಇವತ್ತಿಗೂ ಸರಿಯಾಗಿ ಹೊರಳುವುದಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ದಾರಿ, ಅದನ್ನೇ ಕೇಳಿದೆ. "ಮಠ ಸೇರತೀಯೇನು?"

ಅವಳಿಗೆ ನಗು ಬಂತು. "ಮಠ ಯಾಕ? ನನಗ ಮನಿ ಬ್ಯಾಸರಾಗಿಲ್ಲ. ನನ್ನ ಶಾಲಿ ಬೇಕು, ಖೋಲಿ ಬೇಕು, ಗೆಳತೇರು ಬೇಕು. ನಿನ್ನ ರೊಟ್ಟಿ ಬೇಕು."

"ಯಾರರೆ ಏನರೆ ಮಾಡ್ಯಾರೇನವ್ವಾ ನಿನಗ?"

"ಯಾರೂ ಏನೂ ಮಾಡಿಲ್ಲ."

ನಾನು ನನ್ನ ಕತೆ ಹೇಳಿದೆ. ಮನೆಯವರನ್ನು ಒಂದು ಸಲ ನೋಡಿ ನಿಲಂಗಾದಿಂದ ಈ ಮನೆಗೆ ಬಂದವಳು ನಾನು. ಆಗ ನನಗೂ ಏನೂ ಇರಲಿಲ್ಲ, ನಂತರ ಬಂತು. ನಿನಗೂ ಬರುತ್ತದೆ ಅಂದೆ.

"ನಿನಗ ಬಂತು. ನನಗ ಬರದಿದ್ರ? ಆ ಹುಡುಗ ಛಲೋ ಅದಾನ ಅವ್ವಾ. ತನ್ನ ದಾರಿ ಕಾಯೋ ಹೆಂಡತಿ ಬೇಕು ಅವಗ. ನಾ ಕಾದಂಗ ನಾಟಕ ಮಾಡಬೇಕಾಗತದ, ಜಲ್ಮದ ತನಕಾ. ನಿನ್ನ ಮುಂದ ಹೇಳಲಾಕ್ಕ ಆಗಲಾರದ್ದಕ್ಕೇ ಆ ಪುಸ್ತಕ ಓದಿ ಹೇಳಿದೆ. ನಿನಗ ತಿಳೀತು ಅಂದುಕೊಂಡಿದ್ದೆ."

ಎರಡು ಭಾನುವಾರ ಅವಳು ತನ್ನನ್ನೇ ನನಗೆ ಓದಿ ಹೇಳಿದ್ದಳು. ನಾನು ಹರಳು ಆರಿಸುತ್ತ ಹುಡುಗನ ದಾರಿ ಕಾಯುತ್ತಿದ್ದೆ.

ಮರುದಿನ ಬೆಳಿಗ್ಗೆ ಪೂಜೆಗೆ ಕುಳಿತೆ. ಎಣಿಸಲು ಹೋದರೆ ಬೇರೇನೂ ನೆನಪಿಗೆ ಬರಲಿಲ್ಲ. ಮಗಳು ಹೇಳಿದಳು, ಅಷ್ಟೇ. ಮನೆ ಬಿಟ್ಟು ಹೋಗಲಿಲ್ಲ, ಸುಳ್ಳು ಹೇಳಲಿಲ್ಲ, ಒಲೆಯ ಮುಂದೆ ಕುಳಿತು ಹೇಳಿದಳು. ನನ್ನ ಪಾಲಿಗೆ ಅದು ದೊಡ್ಡದಾಯಿತು. ಬೇಡುತ್ತಿದ್ದ ಒಂದು ಬೇಡಿಕೆಯನ್ನು ಆ ದಿನ ಬೇಡಲಿಲ್ಲ.

ಮನೆಯವರಿಗೆ ಹೇಳಿದಾಗ ಅವರು ಅಂಗಡಿಗೆ ಹೊರಟಿದ್ದರು. ತಲೆಯ ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. "ನಾಳೆ ಜವಾಬು ಕೊಡಬೇಕಲ್ಲ," ಅಂದರು.

"ನಾ ಹೇಳತೀನ್ರಿ."

"ನೀನೇ ಹೇಳು. ವೈನಿ ಮುಂದ ನನ್ನ ಕಡಿಂದ ಆಗಂಗಿಲ್ಲ." ಅತ್ತಿಗೆಯ ಮುಂದೆ ಅವರಿಗೆ ಬಾಯಿ ಏಳುವುದಿಲ್ಲ. ಮೆಟ್ಟಿಲು ಇಳಿದು ಮತ್ತೆ ತಿರುಗಿ, "ಆಕಿ ಉಂಡಾಳೇನು?" ಎಂದು ಕೇಳಿದರು.

ಅವತ್ತು ಹಪ್ಪಳ ನೆಗೆಣ್ಣಿಯ ಮನೆಯಲ್ಲಿ. ಅದೇ ಹೆಂಗಸರು. ಹಿಟ್ಟು ಬಡಿದು ಮುಗಿದ ಮೇಲೆ ಎಂದಿನಂತೆ ಕುಳಿತು, "ಆವತ್ತು ನಾ ಕತಿ ಕಡೀಕ ತಪ್ಪು ಹೇಳೀನಿ," ಅಂದೆ. "ಆ ಲಗ್ನ ನಾ ಮಾಡಿದ್ದು. ಪುಸ್ತಕದಾಗ ಇಲ್ಲ. ಆಕಿ ಅಜ್ಜಿ ಮನ್ಯಾಗ ಉಂಡು, ಸೈಕಲ್ ಹತ್ತಿ ತನ್ನ ಮನಿಗಿ ಹೋಗತಾಳ."

"ಒಬ್ಬಾಕಿನೇ?" ಸೊಸೆ ಕೇಳಿದಳು.

"ಒಬ್ಬಾಕಿನೇ."

"ಹುಗ್ಗಿ ಉಂಡು ಕೈ ತೊಳಕೊಂಡ ಮ್ಯಾಲ ಈ ಮಾತೇನ್ರಿ," ಅಂದಳು. ಕಾಕು ನಕ್ಕರು. ನೆಗೆಣ್ಣಿ ನಗಲಿಲ್ಲ. ಅವರ ಲಟ್ಟಣಿಗೆ ಮಾತ್ರ ಉರುಳುತ್ತಿತ್ತು. ಹಪ್ಪಳ ಕಾಗದದಷ್ಟು ತೆಳ್ಳಗಾಗಿ ಹರಿಯಿತು.

"ಹಂಗಾದ್ರ ಉದಗೀರದವರಿಗಿ?" ತಲೆ ಎತ್ತದೆ ಕೇಳಿದರು.

"ಇಲ್ಲ ಅಂತ ಹೇಳ್ರಿ ಅಕ್ಕಾ. ಹುಡುಗಂದೇನೂ ತಪ್ಪಿಲ್ಲ. ನಮ್ಮಕಿಗಿ ಲಗ್ನ ಬ್ಯಾಡ. ಆ ಪುಸ್ತಕದಾಕಿ ಇದ್ದಂಗ ಇರತಾಳ."

"ನನ್ನ ತವರಿನ್ಯಾಗ ನನ್ನ ಮಾರಿ ಏನಾಗಬೇಕು?"

"ಬೇಕಾದ್ರ ನಾನೇ ಬಂದು ಅವರ ಕಾಲು ಬೀಳತೀನಿ."

"ಕಾಲು ಬಿದ್ರ ಆಯ್ತೇನು? ನೀವಿಬ್ಬರೂ ಹೋದ ಮ್ಯಾಲ ಆಕಿನ್ನ ಯಾರು ನೋಡ್ತಾರ?"

"ಗೊತ್ತಿಲ್ರೀ ಅಕ್ಕಾ," ಅಂದೆ. ಈಗಲೂ ಗೊತ್ತಿಲ್ಲ. ಕಾಕು ಮಾತು ಬದಲಿಸಿ ಬಿಸಿಲಿನ ಸುದ್ದಿ ತೆಗೆದರು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಹಿಟ್ಟು ಮುಗಿಯಿತು. ನಾನು ಚಪ್ಪಲಿ ಮೆಟ್ಟುವಾಗ ನೆಗೆಣ್ಣಿ ಒಳಗಿನಿಂದ ಬಂದು ನನ್ನ ಕೈಯಲ್ಲೊಂದು ಬಟ್ಟಲು ಇಟ್ಟರು. ತೆಗೆದಿಟ್ಟಿದ್ದ ಹಸಿ ಹಪ್ಪಳದ ಹಿಟ್ಟು, ನಾಲ್ಕು ಉಂಡೆ. ಎಣ್ಣೆ ಹಚ್ಚಿಕೊಂಡು ಹಸಿದನ್ನೇ ತಿನ್ನುವುದೆಂದರೆ ನನ್ನ ಮಗಳಿಗೆ ಸಣ್ಣಂದಿನಿಂದಲೂ ಜೀವ. ಬಟ್ಟಲು ಕೊಟ್ಟು ನನ್ನ ಮುಖ ನೋಡದೆ ಒಳಗೆ ಹೋದರು.

ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು.

"ದೊಡ್ಡವ್ವ ಏನಂದಳು?"

"ಸಿಟ್ಟಾಗ್ಯಾರ," ಅಂದೆ. "ಎಣ್ಣಿ ತಗೊಂಡು ಬಾ, ತಿನ್ನು."